ಕೆಂದನ ಋಣ

ಗಂಡಸಿಯ ಜಯದೇವಪ್ಪನಿಗೆ ಸಕ್ಕರೆ ಕಾಯಿಲೆ. ತೆಂಗಿನ ತೋಟದಲ್ಲಿ ದಿನವಿಡೀ ದುಡಿದರೂ ದಣಿಯದ ಗಟ್ಟಿಗ, ನೋಡನೋಡುತ್ತ ಸೊರಗಿ ಕಡ್ಡಿಯಾಗಿದ್ದ. ಅರಸೀಕೆರೆಯ ಡಾಕ್ಟರು ಬರೆದುಕೊಟ್ಟ ಇನ್ಸುಲಿನ್ ಸೂಜಿಮದ್ದು ಅವನನ್ನು ಮತ್ತೆ ತೋಟಕ್ಕಿಳಿಸಿತ್ತು. ಹೆಂಡತಿ ಗುರುಸಿದ್ದಮ್ಮ ಮದ್ದಿನ ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿ ತಣ್ಣಗೆ ಇಟ್ಟು ಕಾಪಾಡುತ್ತಿದ್ದಳು. ನರ್ಸು ವಿಶಾಲಮ್ಮ ಬೆಳಿಗ್ಗೆ ಬಂದು ಸೂಜಿ ಹಾಕಿ ಹೋಗುತ್ತಿದ್ದರು. ಕೊಟ್ಟಿಗೆಯಲ್ಲಿ ಮುದಿ ಎತ್ತು ಕೆಂದ ನಿಂತಿರುತ್ತಿತ್ತು. ಇನ್ನು ನೀರೆತ್ತಲು ಅದರ ಕೈಲಾಗದೆಂದು ದನದ ದಲ್ಲಾಳಿಗೆ ಮಾರುವ ಮಾತಾಗಿತ್ತು.

ಅಷ್ಟರಲ್ಲಿ ಮದ್ದಿನ ಅಂಗಡಿಯಲ್ಲಿ ಯಾರೋ ಜಯದೇವಪ್ಪನ ಕಿವಿಗೊಂದು ಮಾತು ಹಾಕಿದರು. ಆ ಮದ್ದು ಬರುವುದು ಕಸಾಯಿಖಾನೆಯಲ್ಲಿ ಕಡಿದ ದನ, ಹಂದಿಗಳ ಹೊಟ್ಟೆಯೊಳಗಿನ ಒಂದು ಅಂಗದಿಂದ!

ಲಿಂಗಪೂಜೆ ಆಗದೆ ತೊಟ್ಟು ನೀರೂ ಕುಡಿಯದ, ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ಮನುಷ್ಯ. ಕೇಳಿದ್ದೇ ತಡ, ಸೂಜಿ ಬೇಡವೆಂದು ಕೂತುಬಿಟ್ಟ. ಅವನು ಹಾಗೆ ಕೂತನೆಂದರೆ ಎಬ್ಬಿಸುವವರು ಊರಲ್ಲೇ ಇರಲಿಲ್ಲ.

"ನನ್ನ ಜೀವ ಉಳ್ಸಕ್ಕೆ ಇನ್ನೊಂದು ಜೀವ ತೆಗೆಯೋದಾ? ಬ್ಯಾಡ ಕಣೇ."

ಗುರುಸಿದ್ದಮ್ಮನಿಗೂ ವಿಷಯ ತಿಳಿದು ಮೈ ಜುಮ್ಮೆಂದಿತ್ತು. ಆದರೆ ಎರಡು ಮೂರು ದಿನ ಕಳೆಯುವುದರೊಳಗೆ ಗಂಡನಿಗೆ ತಡೆಯಲಾರದ ಬಾಯಾರಿಕೆ, ವಾಂತಿ. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಅವಳು ಓಡಿಹೋಗಿ ವಿಶಾಲಮ್ಮನನ್ನು ಕರೆತಂದಳು.

"ಈಗಲೇ ಸೂಜಿ ಹಾಕಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಕಣ್ರೀ," ಎಂದರು ವಿಶಾಲಮ್ಮ.

ಜಯದೇವಪ್ಪ ಮಲಗಿದ್ದಲ್ಲಿಂದಲೇ ಕೇಳಿದ: "ನರ್ಸಮ್ಮ, ಸುಳ್ಳು ಹೇಳ್ಬ್ಯಾಡಿ. ಅದನ್ನ ದನದಿಂದ ತೆಗೀತಾರೋ ಇಲ್ವೋ?"

"ತೆಗೀತಾರೆ." ವಿಶಾಲಮ್ಮ ಮುಚ್ಚಿಡಲಿಲ್ಲ. "ಆದ್ರೆ ಮದ್ದಿಗೋಸ್ಕರ ಕಡಿಯಲ್ಲ. ಮಾಂಸಕ್ಕೆ ಅಂತ ಕಡಿದಾಗ ಎಸೆಯೋ ಅಂಗ ಅದು. ನಿಮ್ಮೊಳಗಿನ ಅದೇ ಅಂಗ ಸೋತುಹೋಗಿದೆ. ನಿಮಗೆ ಬೇರೆ ಮದ್ದಿಲ್ಲ. ಮುಂದೆ ಯಾವತ್ತಾದ್ರೂ ಪ್ರಾಣೀನ ಮುಟ್ಟದೇನೆ ಮಾಡೋ ಕಾಲ ಬರಬಹುದು. ಅಲ್ಲೀವರೆಗೆ ನೀವು ಇರಬೇಕಲ್ಲ?"

"ಆದ್ರೂ ಪಾಪ ಪಾಪಾನೇ."

ಗುರುಸಿದ್ದಮ್ಮ ಗಂಡನ ಪಕ್ಕದಲ್ಲಿ ಕೂತಳು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬ್ಯಾಡಿ. ನಮ್ಮ ಕೆಂದನ್ನ ದಲ್ಲಾಳಿ ಎಲ್ಲಿಗೆ ಹೊಡ್ಕಂಡೋಗ್ತಾನೆ?"

ಜಯದೇವಪ್ಪ ಕೊಟ್ಟಿಗೆಯ ಕಡೆ ಮುಖ ತಿರುಗಿಸಿದ. "ನಾನು ಕೇಳ್ಲಿಲ್ಲ ಕಣೇ," ಎಂದ.

"ನಾನೂ ಕೇಳ್ಲಿಲ್ಲ. ಕೇಳಿದ್ರೆ ಗೊತ್ತಾಗೋಗ್ತೈತೆ ಅಂತಾನೇ ಇಬ್ರೂ ಸುಮ್ನಿದ್ವಿ. ಅದು ಪಾಪ ಅನ್ನಿಸ್ಲಿಲ್ಲ. ಬದುಕೋದು ಮಾತ್ರ ಪಾಪವಾ?" ಅವಳು ಎದ್ದು ಮಡಕೆಯೊಳಗಿನ ಮದ್ದಿನ ಸೀಸೆ ತಂದಳು. "ಇವತ್ತಿಂದ ಸೂಜಿ ನಾನೇ ಹಾಕ್ತೀನಿ. ಪಾಪ ಬಂದ್ರೆ ಅರ್ಧ ನನ್ನ ಕೈಗೂ ಬರ್ಲಿ. ನೀವಿಲ್ದಿರೋ ಪುಣ್ಯ ನಂಗೆ ಬ್ಯಾಡ."

ಜಯದೇವಪ್ಪ ಅವಳ ಮುಖವನ್ನೇ ನೋಡಿದ. ಅಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಬೇಡಿಕೊಂಡದ್ದೇ ಇಲ್ಲ. ಮೆಲ್ಲಗೆ ತೋಳು ಚಾಚಿದ. ವಿಶಾಲಮ್ಮ ಹಿಡಿದು ತೋರಿಸಿದಂತೆ ಗುರುಸಿದ್ದಮ್ಮ ಸೂಜಿ ಹಾಕಿದಳು.

"ದಲ್ಲಾಳಿಗೆ ಹೇಳ್ಕಳ್ಸು," ಎಂದ ಅವನು. "ಕೆಂದನ್ನ ಕೊಡಲ್ಲ. ಅದು ಇರೋಗಂಟ ನಮ್ಮ ಕೊಟ್ಟಿಗೇಲೇ ಇರ್ಲಿ."

ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಜಯದೇವಪ್ಪ ಚೇತರಿಸಿಕೊಂಡ. ಈಗ ದಿನಾ ಬೆಳಿಗ್ಗೆ ಗುರುಸಿದ್ದಮ್ಮ ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಿ ಸೂಜಿ ಹಾಕುತ್ತಾಳೆ. ತಿಂಡಿ ತಿಂದವನೇ ಅವನು ಹಿಡಿ ಹುಲ್ಲು ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ ಕೆಂದನ ಕುತ್ತಿಗೆಯಡಿ ಜೋತ ಗಂಗೆದೊಗಲು ನೇವರಿಸುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರು ಇರಬಹುದು. ಮನಸ್ಸಿಗೆ ಅಳುಕು ಬಂದರೆ ಮದ್ದು ಬಿಡಬೇಡಿ. ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ವಿಪರೀತ ಬಾಯಾರಿಕೆ, ವಾಂತಿ, ಉಸಿರಿನಲ್ಲಿ ಹಣ್ಣಿನ ವಾಸನೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನೊಂದು ಜೀವದಿಂದ ಬಂದ ಮದ್ದಿಗೆ ಋಣವಿದೆ, ನಿಜ. ಆ ಋಣವನ್ನು ಸತ್ತು ತೀರಿಸಲಾಗದು, ಬದುಕಿ, ಇನ್ನೊಂದು ಜೀವವನ್ನು ಕಾಪಾಡಿಯೇ ತೀರಿಸಬೇಕು. ನಿಮ್ಮ ಕೊಟ್ಟಿಗೆಯಲ್ಲೂ ಒಬ್ಬ ಕೆಂದ ನಿಂತಿರಬಹುದು, ಹೋಗಿ ನೋಡಿ.