ಅವರು ಕೇಳುವ ತನಕ

ನಮ್ಮ ಮಾವನಿಗೆ ಮರ್ಯಾದೆ ಎಂದರೆ ಒಂದೇ ಅರ್ಥ: ಅವರೆದುರು ಯಾರೂ ಮೊದಲು ಬಾಯಿ ತೆರೆಯಬಾರದು. ಹೇಳುವುದಿದ್ದರೆ ಬಾಗಿಲ ಬಳಿ ನಿಲ್ಲಬೇಕು. ಅವರು ಪೇಪರು ಮಡಿಸಿ, ಕನ್ನಡಕ ತೆಗೆದು, "ಏನು?" ಎಂದ ಮೇಲೆ ಹೇಳಬೇಕು. ಬಸ್ ಡಿಪೋದಲ್ಲಿ ಮ್ಯಾನೇಜರಾಗಿದ್ದವರು. ಅಲ್ಲಿ ಡ್ರೈವರುಗಳು ನಿಂತಂತೆ ಮನೆಯಲ್ಲಿ ನಾವೂ ನಿಂತೆವು. ಮದುವೆಯಾದ ಹೊಸದರಲ್ಲಿ ನಾನು ಅಡುಗೆಮನೆಯಿಂದಲೇ "ಮಾವ, ಕಾಫಿ ತರ್ಲಾ?" ಎಂದು ಕೂಗಿ ಅವರ ಕೆಂಗಣ್ಣಿಗೆ ಗುರಿಯಾಗಿದ್ದೆ. ಕಾಫಿಯನ್ನೂ ಕುಡಿಯಲಿಲ್ಲ, ಪುಣ್ಯಾತ್ಮ.

ಒಂದು ಬೆಳಿಗ್ಗೆ ಅತ್ತೆಯ ತಮ್ಮ ಫೋನ್ ಮಾಡಿದ. "ಅಮ್ಮಂಗೆ ತುಂಬಾ ಸೀರಿಯಸ್ಸು ಅಕ್ಕ, ಈಗ್ಲೇ ಹೊರಟು ಬಾ." ತವರು ಎರಡೇ ಬೀದಿ ಆಚೆ. ಅತ್ತೆ ಓಡಿಬಂದು ಬಾಗಿಲಲ್ಲಿ ನಿಂತರು. ಮಾವ ಅವರನ್ನು ನೋಡಿದರು, ನೋಡಿಯೂ ಪುಟ ತಿರುವಿದರು. ಹೇಳಿಬಿಡಬಾರದಿತ್ತೇ ಎನ್ನಬೇಡಿ. ಮದುವೆಯಾದಾಗಿನಿಂದ ಬೀಗ ಬಿದ್ದ ಬಾಯಿ ಅದು. ಕೊನೆಯ ಪುಟದ ಆಟದ ಸುದ್ದಿಯನ್ನೂ ಬಿಡದೆ ಓದಿ ಮಾವ "ಏನು?" ಎನ್ನುವ ಹೊತ್ತಿಗೆ ಎಲ್ಲ ಮುಗಿಯಿತೆಂದು ಇನ್ನೊಂದು ಫೋನ್ ಬಂದಿತ್ತು. ಅತ್ತೆ ಅಳಲಿಲ್ಲ.

"ಏನಿಲ್ಲ," ಎಂದರು ಅಷ್ಟೆ.

ಹೋದ ವರ್ಷ ಮಾವನಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಬುದ್ಧಿ ಮಾತ್ರ ಚುರುಕಾಗಿಯೇ ಉಳಿಯಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ನಮ್ಮನ್ನು ಕೂರಿಸಿಕೊಂಡು ಹೇಳಿದಳು: "ಮಾತು ವಾಪಸ್ ಬರತ್ತೆ. ಆದ್ರೆ ಮನೇಲಿ ಎಲ್ರೂ ಅವರ ಹತ್ರ ಮಾತಾಡ್ತಾನೇ ಇರ್ಬೇಕು. ನೀವು ಸುಮ್ನಿದ್ರೆ ಅವರ ಬಾಯಿ ಹಾಗೇ ಉಳಿದುಬಿಡತ್ತೆ."

ಅತ್ತೆ ತಲೆಯಾಡಿಸಿದರು. ಮನೆಗೆ ಬಂದವರೇ ನನ್ನನ್ನೂ ನನ್ನ ಗಂಡನನ್ನೂ ಅಡುಗೆಮನೆಗೆ ಕರೆದರು.

"ನಿಮ್ಮಪ್ಪನ ಮರ್ಯಾದೆಗೆ ಕುಂದು ಬರಬಾರ್ದು ಕಣೋ. ಅವರು ಕೇಳೋ ತನಕ ಯಾರೂ ತುಟಿ ಪಿಟಕ್ಕನ್ನಬೇಡಿ."

"ಅವರು ಹೇಗಮ್ಮಾ ಕೇಳ್ತಾರೆ?"

"ಅದು ಅವರಿಗೆ ಬಿಟ್ಟಿದ್ದು."

ನನ್ನ ಗಂಡ ಅಪ್ಪನನ್ನು ಕಂಡರೆ ಈಗಲೂ ಬೆವರುವವನು. ಸುಮ್ಮನಿರಲು ಅಪ್ಪಣೆ ಸಿಕ್ಕಿದ್ದೇ ಅವನಿಗೆ ದೊಡ್ಡ ಸಮಾಧಾನ. ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ?

ಸೇವೆಯಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಊಟ, ಮಾತ್ರೆ, ಮೈ ಒರೆಸುವುದು, ಎಲ್ಲ ಹೊತ್ತಿಗೆ ಸರಿಯಾಗಿ. ಮುಗಿಸಿ ಬಾಗಿಲ ಬಳಿ ಕೈಕಟ್ಟಿ ನಿಲ್ಲುತ್ತಿದ್ದೆವು. ಮಾವ ನಮ್ಮ ತುಟಿಗಳನ್ನೇ ನೋಡುತ್ತಿದ್ದರು. ಮಾತಾಡಿ, ಮಾತಾಡಿ ಎಂದು ಎಡಗೈಯಲ್ಲಿ ಮಂಚ ಬಡಿಯುತ್ತಿದ್ದರು. ಅತ್ತೆ ದಿಂಬು ಸರಿಮಾಡುತ್ತಿದ್ದರು. ನೆಂಟರು ಬಂದರೆ "ಮಲಗಿದಾರೆ" ಎಂದು ಹೊರಗಿನಿಂದಲೇ ಕಳಿಸುತ್ತಿದ್ದರು. ಆ ಹುಡುಗಿಯ ಹತ್ತಿರ ಮತ್ತೆ ಕರೆದೊಯ್ಯಲೇ ಇಲ್ಲ.

ನಿನ್ನೆ ಬೆಳಿಗ್ಗೆ ಅತ್ತೆ ಮಂಚದ ಪಕ್ಕ ಕೂತು ಪೇಪರು ಓದುತ್ತಿದ್ದರು. ನಾನು ಮಾತ್ರೆ ತಂದೆ. ಮಾವನ ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಸೊಟ್ಟ ಬಾಯಿಯಿಂದ ಜೊಲ್ಲಿನ ಜೊತೆ ಹೊರಬಿತ್ತು:

"ಏ... ಏ... ನು?"

ಕೇಳಿಯೇ ಬಿಟ್ಟಿದ್ದರು! ಅವರದೇ ನಿಯಮದ ಪ್ರಕಾರ ಇನ್ನು ನಾವು ಮಾತಾಡಬಹುದಿತ್ತು. ಪಾಪ ಅನಿಸಿ ನಾನು ಬಾಯಿ ತೆರೆದೆ. ಅತ್ತೆ ಕೈ ಎತ್ತಿ ತಡೆದರು.

ಮಾವನನ್ನು ನೋಡಿದರು, ನೋಡಿಯೂ ಪುಟ ತಿರುವಿದರು. ಆಟದ ಸುದ್ದಿಯನ್ನೂ ಬಿಡಲಿಲ್ಲ. ಮಾವನ ಕಣ್ಣೀರು ಕಿವಿಯೊಳಕ್ಕೆ ಇಳಿಯುತ್ತಿತ್ತು. ಆಮೇಲೆ ಅತ್ತೆ ಪೇಪರು ಮಡಿಸಿ, ಕನ್ನಡಕ ತೆಗೆದು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವರ ಜೊತೆ ಮಾತಾಡಿದರು.

"ಏನಿಲ್ಲ."