ಅಡ್ಮಿನ್ ಸುಂದರೇಶ

"ಗ್ರೂಪಲ್ಲಿ ಎಂತ ಹಾಕಿದಾರೆ, ಓದು ಮಾರಾಯ" ಎಂದಳು ಕಮಲಕ್ಕ.

ಕೊಪ್ಪದ ಆಸ್ಪತ್ರೆಯ ಮಂಚದ ಮೇಲೆ ಅವಳ ಬಲಗಾಲಿಗೆ ಪಟ್ಟಿ ಬಿಗಿದಿದ್ದರು. ಬೆಳಗ್ಗೆ ಬಸರೀಕಟ್ಟೆ ಹತ್ತಿರ ತೋಟದ ಕೆಲಸಕ್ಕೆ ಹೋಗುವಾಗ ಹಳ್ಳದ ದಾರಿಯಲ್ಲಿ ಆನೆ ಎದುರಾಗಿತ್ತು. ಹೆದರಿ ಓಡಿದವಳು ತೋಟದ ಸುತ್ತ ತೋಡಿದ ಅಗಳಕ್ಕೆ ಬಿದ್ದು ಕಾಲು ಮುರಿದುಕೊಂಡಳು. ಜೀಪಿನಲ್ಲಿ ಹಾಕಿಕೊಂಡು ಬಂದವನು ಸುಂದರೇಶ. ಈಗ ಮೊಬೈಲು ಹಿಡಿದು, ಓದುವುದೋ ಬೇಡವೋ ಎಂದು ಕೂತಿದ್ದ. ಕಮಲಕ್ಕನ ಮಗಳು ದೀಪಶ್ರೀ ಗೋಡೆಗೆ ಒರಗಿ ನಿಂತಿದ್ದಳು.

ಆನೆ ಎಲ್ಲಿದೆ ಎಂದು ಊರಿಗೆ ತಿಳಿಸುವ ಆ ವಾಟ್ಸಾಪ್ ಗುಂಪನ್ನು ಕಟ್ಟಿದವರು ತೋಟದ ಯಜಮಾನರಾದ ವಿಘ್ನೇಶ್ವರಯ್ಯ. ಒಳ್ಳೆಯದಕ್ಕೇ ಕಟ್ಟಿದ್ದು, ಇಲ್ಲವೆನ್ನುವ ಹಾಗಿಲ್ಲ. ಒಂದು ಮನೆಗೆ ಒಂದೇ ನಂಬರು ಎಂಬ ಕಾನೂನೂ ಅವರದ್ದೇ. ತೋಟಕ್ಕೆ ಆಳುಗಳನ್ನು ಸಾಗಿಸುತ್ತ ದಿನವಿಡೀ ತಿರುಗುವವನೆಂದು ಸುಂದರೇಶನನ್ನೂ ಅಡ್ಮಿನ್ ಮಾಡಿದ್ದರು. ಆ ದಿನ ಅವನು ಅದನ್ನು ಹೆಂಡತಿಗೆ ತೋರಿಸಿ ಹಿಗ್ಗಿದ್ದ.

ಹಲಸು ಬಲಿತ ಕಾಲಕ್ಕೆ ಕಮಲಕ್ಕ ಗುಂಪಿಗೆ ಒಂದು ಮಾತು ರೆಕಾರ್ಡ್ ಮಾಡಿ ಹಾಕಿದಳು. "ಅಯ್ಯಾ, ಹಳ್ಳದ ಬದಿ ನಿಮ್ಮ ಹಲಸಿನಕಾಯಿ ಕೊಯ್ಸಿ ಹಾಕಿ. ಆನೆ ಅದಕ್ಕೇ ಬರದು. ನಾವು ಓಡಾಡದೂ ಅಲ್ಲೇ."

ಕೆಟ್ಟ ಮಾತೇನಲ್ಲ. ಆದರೆ ಊರೆಲ್ಲ ಕೇಳಿತಲ್ಲ, ಅಯ್ಯನವರಿಗೆ ಅದು ತಡೆಯಲಿಲ್ಲ. ಅವಳನ್ನು ಗುಂಪಿನಿಂದ ತೆಗೆದರು. ಇನ್ನು ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದು ಉಳಿದವರ ಬಾಯಿಗೂ ಬೀಗ ಜಡಿದರು. ಸುಂದರೇಶ ಒಮ್ಮೆ ಬೆರಳೊತ್ತಿದ್ದರೆ ಅವಳು ಮತ್ತೆ ಒಳಗೆ ಬರುತ್ತಿದ್ದಳು. ಜೀಪಿಗೆ ತೋಟದ ಬಾಡಿಗೆ ತಪ್ಪೀತೆಂದು ತೆಪ್ಪಗಿದ್ದ. ಅದರ ಬದಲು ದಿನಾ ಬೆಳಗ್ಗೆ ಅವಳಿಗೆ ಫೋನು ಮಾಡಿ ಹೇಳುತ್ತಿದ್ದ. ಇವತ್ತು ಹಳ್ಳದ ಹತ್ತಿರ ಸಲಗ ಕಂಡದ್ದೇ ಗುಂಪಿಗೆ ಸುದ್ದಿ ಹಾಕಿದ, ಎಲ್ಲರಿಗೂ ಮುಟ್ಟಿತು ಎಂದುಕೊಂಡ. ಕಮಲಕ್ಕನ ನೆನಪೇ ಆಗಲಿಲ್ಲ.

"ಓದಾ" ಎಂದಳು ಅವಳು ಮತ್ತೆ.

ಓದಿದ. "ಮುನ್ಸೂಚನೆ ಕೊಟ್ಟಿದ್ದರೂ ಲೆಕ್ಕಿಸದೆ ಹೋದ ಕಾರ್ಮಿಕ ಮಹಿಳೆಗೆ ಗಾಯ. ಇನ್ನಾದರೂ ಎಲ್ಲರೂ ಶಿಸ್ತು ಪಾಲಿಸಿ. ವಿಘ್ನೇಶ್ವರ."

ಕಮಲಕ್ಕ ಸಿಟ್ಟಾಗಲಿಲ್ಲ. ಮಗಳ ಕಡೆ ತಿರುಗಿ, "ನಂಗೆ ಹೇಳಿದ್ರನಾ ಹಂಗಾರೆ? ನಾನೇ ಮರೆತು ಹೋದ್ನಾ?" ಎಂದು ಕೇಳಿದಳು.

ಸುಂದರೇಶನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಗುಂಪಿನಲ್ಲಿ ಬರೆದ: "ಕಮಲಕ್ಕನಿಗೆ ಸುದ್ದಿ ಮುಟ್ಟಿಲ್ಲ. ಹಲಸಿನಕಾಯಿ ವಿಚಾರ ಹೇಳಿದ್ದಕ್ಕೆ ಅವಳನ್ನು ತೆಗೆದಿದ್ದರು. ನಾನು ಸೇರಿಸಬಹುದಿತ್ತು, ಸೇರಿಸಲಿಲ್ಲ." ಅವಳ ನಂಬರನ್ನೂ ಸೇರಿಸಿ, ಬರೆದದ್ದನ್ನು ಇಬ್ಬರಿಗೂ ಓದಿ ಹೇಳಿದ.

"ಸುಮ್ನೆ ನಿಂಗ್ಯಾಕೆ ಬೇಕಿತ್ತು" ಎಂದಳು ಕಮಲಕ್ಕ. ಆದರೆ ದಿಂಬಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ಬೆಳಗ್ಗಿನಿಂದ ಅವಳ ಮುಖ ಸಡಿಲಾದದ್ದು ಆಗಲೇ.

ಅವನು ಹೊರಗೆ ಹೋಗಿ ಚಹಾ ತರುವಷ್ಟರಲ್ಲಿ ಬರೆದದ್ದು ಅಳಿಸಿಹೋಗಿತ್ತು. ಕಮಲಕ್ಕನನ್ನು ತೆಗೆದಿದ್ದರು. ಸುಂದರೇಶನನ್ನೂ ತೆಗೆದಿದ್ದರು. ಅವನು ಮೊಬೈಲನ್ನು ಅಂಗಿ ಜೇಬಿಗೆ ಹಾಕಿ ಲೋಟವನ್ನು ಕಮಲಕ್ಕನ ಕೈಗೆ ಕೊಟ್ಟ.

ಹೊತ್ತು ಇಳಿಯುತ್ತಿತ್ತು. "ದನ ಹೊರಗಿದೆ, ಕಟ್ಟಿ ಬತ್ತೀನಿ" ಎಂದು ದೀಪಶ್ರೀ ಚೀಲ ಎತ್ತಿಕೊಂಡಳು.

"ತಡಿ" ಎಂದಳು ಕಮಲಕ್ಕ. "ಸುಂದರೇಶ, ಆನೆ ಈಗ ಎಲ್ಲಿದೆ ಅಂತೆ, ನೋಡಿ ಹೇಳು."

"ನಂಗೂ ಗೊತ್ತಾಗಲ್ಲ ಕಮಲಕ್ಕ ಇನ್ನು" ಎಂದ ಅವನು. "ನಾನೇ ಬಿಟ್ಟು ಬತ್ತೀನಿ."

ಟಾರು ಮುಗಿದು ಹಳ್ಳದ ದಾರಿ ಶುರುವಾಗುವಲ್ಲಿ ಜೀಪು ನಿಲ್ಲಿಸಿ ಎಂಜಿನ್ ಆರಿಸಿದ. ಅವನು ಒಂದು ಕಡೆಯಿಂದ, ದೀಪಶ್ರೀ ಇನ್ನೊಂದು ಕಡೆಯಿಂದ ತಲೆ ಹೊರಗೆ ಹಾಕಿ, ಎಲ್ಲಾದರೂ ಕೊಂಬೆ ಮುರಿಯುವ ಸದ್ದಿದೆಯೇ ಎಂದು ಕಿವಿಗೊಟ್ಟು ಕೂತರು.