ಕೈ ಬೀಸಿಕೊಂಡು

ಚೀಲದ ತಳದಿಂದ ಅವಳು ಕೊನೆಗೆ ತೆಗೆದದ್ದು ಅತ್ತೆಯ ಚಪ್ಪಲಿ. ಹಾಲು, ಮೊಟ್ಟೆ, ಕೊತ್ತಂಬರಿ ಕಟ್ಟು, ಗಂಡನ ಅಂಗಡಿಗೆ ಬೇಕಾಗಿದ್ದ ಟೇಪಿನ ಸುರುಳಿ, ಮಗಳ ಜೆರಾಕ್ಸು ಎಲ್ಲ ಆಗಲೇ ಅಡುಗೆಕಟ್ಟೆಯ ಮೇಲೆ ಕೂತಿದ್ದವು. ಅಟ್ಟೆ ಹೊಲಿಸಿಕೊಂಡು ಬಂದಿದ್ದ ಚಪ್ಪಲಿಯನ್ನು ಮಾತ್ರ ಬಗ್ಗಿ ಕೆಳಗಿಟ್ಟಳು. ಚೀಲದ ಹಿಡಿಕೆ ಬೆರಳುಗಳ ಮೇಲೆ ಕೊರೆದಿದ್ದ ಗೆರೆ ಇನ್ನೂ ಕೆಂಪಗಿತ್ತು.

ಅತ್ತೆ ಕೊತ್ತಂಬರಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ ನೋಡಿದರು. "ಇದೇನಮ್ಮ, ನಿನಗಿಂತ ಇದೇ ಮಂಕಾಗಿದೆ."

"ಅಲ್ಲಿ ಇದ್ದದ್ದೇ ಹಾಗಿತ್ತು ಅತ್ತೆ."

"ಹಾಗಿದ್ರೆ ಮುಂದಿನ ಅಂಗಡಿಗೆ ಹೋಗಬೇಕಿತ್ತು. ನಡೆಯೋಕೆ ತಾನೇ ಹೋಗಿದ್ದು? ನಾಲ್ಕು ಹೆಜ್ಜೆ ಹೆಚ್ಚಾದರೆ ನಿನಗೇ ಒಳ್ಳೇದು."

ಒಳಕೋಣೆಯಿಂದ ಮಗಳ ದನಿ ಬಂತು. "ಅಮ್ಮಾ, ಎರಡೂ ಪಕ್ಕ ಮಾಡಿಸು ಅಂದಿದ್ದೆ. ಇವನು ಒಂದೇ ಪಕ್ಕ ಮಾಡಿದ್ದಾನೆ."

"ನಾಳೆ ಮಾಡಿಸಿಕೊಂಡು ಬರ್ತೀನಿ ಬಿಡು."

"ಹ್ಞೂಂ. ಹೇಗೂ ಹೋಗ್ತೀಯಲ್ಲ."

ಹೇಗೂ ಹೋಗ್ತೀಯಲ್ಲ. ಅವಳ ಕಾಯಿಲೆಗೆ ಮದ್ದು ಸಿಕ್ಕ ಮೇಲೆ ಈ ಮನೆಯಲ್ಲಿ ಹುಟ್ಟಿಕೊಂಡ ಮಾತು ಅದು.

ಕಾಯಿಲೆ ಮೊದಲು ಕಂಡದ್ದು ಮನೆಯವರಿಗಲ್ಲ. ಅವಳು ಹೊಲಿಗೆ ಮಾಡುವುದು ಕಿಟಕಿ ಪರದೆಗಳ ಅಂಗಡಿಯಲ್ಲಿ. ಅಳತೆಗೆ ಕತ್ತರಿಸಿದ ಬಟ್ಟೆ ಮೇಜಿಗೆ ಬಂದರೆ ಅಸ್ತರ ಕೂರಿಸಿ, ನೆರಿಗೆ ಹಿಡಿದು, ಕೊಂಡಿ ಹಾಕಿ ಕಳಿಸುವುದು ಅವಳ ಕೆಲಸ. ಅವಳು ಹಿಡಿದ ನೆರಿಗೆ ಎಂದರೆ ಒಂದಕ್ಕೊಂದು ಅವಳಿಜವಳಿ. ಅಂಥವಳು ಒಂದು ಮಧ್ಯಾಹ್ನ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಮಿಷಿನ್ನಿನ ಪೆಡಲಿನ ಮೇಲೆ ಕಾಲಿಟ್ಟುಕೊಂಡು, ಕಾಲು ಅಲುಗಿಸದೆ ಸಂಜೆಯವರೆಗೂ ಕೂತಿದ್ದಳು. ನೋಡಿದವಳು ಪರದೆಗಳಿಗೆ ಇಸ್ತ್ರಿ ಹಾಕುವ ಹೆಂಗಸು. ಅಂಗಡಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಅನ್ನುತ್ತಾರೆ. "ಏನೇ, ದೀಪ ಉರೀತಿದೆ, ಮನೇಲಿ ಯಾರೂ ಇಲ್ವಾ?" ಎಂದು ಅವಳ ಕಣ್ಣ ಮುಂದೆ ಕೈಯಾಡಿಸಿದಳು. ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಮಾರನೆಯ ದಿನ ಇಸ್ತ್ರಿಯಕ್ಕನೇ ಅವಳನ್ನು ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಡಾಕ್ಟರಮ್ಮ ತುಂಬಾ ಹೊತ್ತು ಕೇಳಿಸಿಕೊಂಡರು. ಇದು ಸೋಮಾರಿತನ ಅಲ್ಲ, ಕೊಬ್ಬೂ ಅಲ್ಲ, ಖಿನ್ನತೆ ಅನ್ನುವ ಕಾಯಿಲೆ ಎಂದರು. ನಿಮ್ಮದು ಇನ್ನೂ ಕೈಮೀರಿಲ್ಲ, ಮೊದಲು ಮಾತ್ರೆ ಇಲ್ಲದೆ ನೋಡೋಣ, ಆಗದಿದ್ದರೆ ಮಾತ್ರೆ ಇದ್ದೇ ಇದೆ, ಅದರಲ್ಲಿ ನಾಚಿಕೆ ಏನಿಲ್ಲ ಎಂದರು. ಹೊತ್ತಿಗೆ ಸರಿಯಾಗಿ ಮಲಗುವುದು, ಆಗಾಗ ಬಂದು ಮಾತಾಡುವುದು, ಎಲ್ಲಕ್ಕಿಂತ ಮುಖ್ಯವಾಗಿ ನಡೆಯುವುದು. "ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹೊರಡಿ. ಕೈಯಲ್ಲಿ ಏನೂ ಬೇಡ, ಫೋನೂ ಬೇಡ. ಕೈ ಬೀಸಿಕೊಂಡು ನಡೀರಿ. ಆ ಹೊತ್ತು ನಿಮ್ಮದು, ಇನ್ಯಾರದ್ದೂ ಅಲ್ಲ."

ಮನೆಯಲ್ಲಿ ಇದನ್ನು ಹೇಳಿದಾಗ ಗಂಡನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವನು ಪಂಪು ಮೋಟಾರು ರಿಪೇರಿ ಮಾಡುವವನು. "ನೋಡು, ಮಾತ್ರೆ ಇಲ್ಲ ಅಂದ ಮೇಲೆ ದೊಡ್ಡದೇನೂ ಇಲ್ಲ ಅಂತ. ಮೋಟಾರೂ ಅಷ್ಟೇ, ಓಡ್ತಾ ಇದ್ರೆ ಚೆನ್ನಾಗಿರುತ್ತೆ, ನಿಲ್ಲಿಸಿಬಿಟ್ರೆ ಜಾಮ್ ಆಗುತ್ತೆ," ಎಂದ. ಅತ್ತೆಗೆ ಮಾತ್ರ ಕೈ ಬೀಸಿಕೊಂಡು ಅನ್ನುವ ಮಾತು ಗಂಟಲಿಗೆ ಸಿಕ್ಕಿಕೊಂಡಿತು. ಅವರ ಬಾಯಲ್ಲಿ ಅದು ಬೈಗುಳ. ಕೈ ಬೀಸಿಕೊಂಡು ಬಂದ ನೆಂಟರು, ಕೈ ಬೀಸಿಕೊಂಡು ಬಂದ ಬೀಗರು. ಮದುವೆಯಾಗಿ ಬಂದ ಹೊಸದರಲ್ಲಿ ಇವಳಿಗೂ ಆ ಪಟ್ಟ ಸಿಕ್ಕಿತ್ತು.

ಆದರೂ ಮೊದಮೊದಲು ಯಾರೂ ಅಡ್ಡ ಬರಲಿಲ್ಲ. ಬೆಳಗಿನ ಕೆಲಸ ಮುಗಿಸಿ ಅವಳು ಬರಿಗೈಯಲ್ಲಿ ಹೊರಡುತ್ತಿದ್ದಳು. ನೀರಿನ ಟ್ಯಾಂಕಿನ ಹಿಂದಿನ ರಸ್ತೆ. ಅಲ್ಲಿ ಅಂಗಡಿಗಳಿಲ್ಲ, ಒಂದು ಪಕ್ಕ ಉದ್ದದ ಗೋಡೆ, ಇನ್ನೊಂದು ಪಕ್ಕ ಮಹಡಿ ಮನೆಗಳ ಸಾಲು. ಮೊದಲ ದಿನಗಳಲ್ಲಿ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಯಾರದೋ ಕೈಗಳನ್ನು ಹೆಗಲಿಗೆ ಹೊಲಿದುಕೊಂಡು ಬಂದ ಹಾಗೆ ಅವು ನೇತಾಡುತ್ತಿದ್ದವು. ಆಮೇಲೆ ತಾವಾಗಿಯೇ ಹಿಂದಕ್ಕೂ ಮುಂದಕ್ಕೂ ಬೀಸತೊಡಗಿದವು.

ಒಂದು ಬೆಳಗ್ಗೆ ಒಂದು ಮನೆಯ ಮೇಲಿನ ಕಿಟಕಿಯಲ್ಲಿ ಹಳದಿ ಪರದೆ ಕಂಡಿತು. ಯಾರೋ ಕೈಗೆ ಬಂದಂತೆ ನೆರಿಗೆ ಹಿಡಿದಿದ್ದರು. ಎಡಕ್ಕೆ ಒತ್ತು, ಬಲಕ್ಕೆ ಬೋಳು. ಅವಳಿಗೆ ಮೈ ಉರಿಯಿತು. ಇದನ್ನು ಹೊಲಿದವರ ಬೆರಳು ಮುರಿಯ, ಒಂದು ಸಲ ನನ್ನ ಮೇಜಿಗೆ ತಂದು ಹಾಕಿ ನೋಡೋಣ ಎಂದುಕೊಂಡಳು. ಎಂದುಕೊಂಡ ಮೇಲೆ ನಡುರಸ್ತೆಯಲ್ಲೇ ನಿಂತುಬಿಟ್ಟಳು. ಎಷ್ಟು ಕಾಲದ ಮೇಲೆ ಏನೋ ಒಂದನ್ನು ಮಾಡಬೇಕು ಅನ್ನಿಸಿತ್ತು. ಆ ಸೊಟ್ಟ ಪರದೆಯನ್ನು ನೋಡಲು ಅವಳು ದಿನಾ ಆ ರಸ್ತೆಯಲ್ಲೇ ಹೋದಳು. ಮನೆಯಲ್ಲಿ ಮಗಳಿಗೆ ತಲೆ ಬಾಚುವಾಗ ಒಮ್ಮೆ ಸಣ್ಣಗೆ ಗುನುಗಿದಳಂತೆ. ಅದು ಅವಳಿಗೆ ಗೊತ್ತಾಗಲಿಲ್ಲ, ಅತ್ತೆಗೆ ಗೊತ್ತಾಯಿತು.

"ಮುಖದಲ್ಲಿ ಕಳೆ ಬಂದಿದೆ ಕಣೋ," ಎಂದು ಮಗನಿಗೆ ಹೇಳಿದ ಅತ್ತೆ ಮರುದಿನವೇ, ಹೇಗೂ ಹೋಗ್ತೀಯಲ್ಲ, ಬರ್ತಾ ಹಾಲು ತಂದುಬಿಡು ಎಂದರು. ಹಾಲು ಏನು ಮಹಾ ಭಾರ? ಹಾಲಿನ ಜೊತೆ ಮೊಟ್ಟೆ ಬಂತು. ಮೊಟ್ಟೆಗೆ ಬುಟ್ಟಿ ಬಂತು, ಬುಟ್ಟಿ ಸಾಲದೆ ಚೀಲ ಬಂತು. ಹಾಲಿನ ಅಂಗಡಿ ಟ್ಯಾಂಕಿನ ರಸ್ತೆಯಲ್ಲಿಲ್ಲ, ಪೇಟೆಬೀದಿಯಲ್ಲಿದೆ. ಹಾಗಾಗಿ ರಸ್ತೆಯೂ ಬದಲಾಯಿತು. ಬಿಸಿಲಲ್ಲಿ ಸ್ವಲ್ಪ ನಿಲ್ಲಬೇಕಂತೆ ಎಂದರೆ ಬಟ್ಟೆ ಒಣಹಾಕುವ ಕೆಲಸ ಅವಳ ಪಾಲಿಗೆ ಬಂತು. ಮನಸ್ಸು ಬಿಚ್ಚಿ ಮಾತಾಡಬೇಕಂತೆ ಎಂದರೆ, ಅದಕ್ಕೇನು, ನನ್ನ ಹತ್ತಿರ ಮಾತಾಡು ಎಂದು ಅತ್ತೆ ಪಕ್ಕದಲ್ಲಿ ಕೂತು ತಮ್ಮ ಮಂಡಿನೋವಿನ ಕಥೆ ಶುರು ಮಾಡಿದರು. ಯಾರೂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳು ಯೋಚಿಸುತ್ತಿದ್ದಳು. ಡಾಕ್ಟರಮ್ಮ ಮಾತ್ರೆ ಕೊಟ್ಟಿದ್ದರೆ ಅದು ಕಪಾಟಿನ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಹೇಗೂ ನುಂಗ್ತೀಯಲ್ಲ, ನನಗೂ ಅರ್ಧ ಮುರಿದು ಕೊಡು ಎಂದು ಯಾರೂ ಕೇಳುತ್ತಿರಲಿಲ್ಲ. ನಡಿಗೆ ಎಂಬ ಮದ್ದನ್ನು ಮಾತ್ರ ಮನೆಮಂದಿಯೆಲ್ಲ ಒಂದೊಂದು ಚೂರು ಮುರಿದುಕೊಂಡರು.

ಮತ್ತೆ ಹಳೆಯದು ಬಂತು. ಮೊದಲು ಬೆಳಗಿನ ನಿದ್ದೆ ಹೋಯಿತು, ಆಮೇಲೆ ನಾಲಿಗೆಯ ರುಚಿ ಹೋಯಿತು. ಬೆರಳುಗಳು ಬಟ್ಟೆಯ ಮೇಲೆ ಸತ್ತಂತೆ ಬಿದ್ದಿರತೊಡಗಿದವು. ಇಸ್ತ್ರಿಯಕ್ಕ ನೋಡಿ, "ದಿನಾ ವಾಕಿಂಗು ಹೋಗ್ತೀಯಲ್ಲೇ?" ಎಂದಳು.

"ವಾಕಿಂಗ್ ಅಲ್ಲಕ್ಕ, ಸಂತೆ."

"ಬಾಯಿಬಿಟ್ಟು ಹೇಳು ಅವರಿಗೆ."

"ಏನಂತ? ಹಾಲು ತರೋದರಿಂದ ನನಗೆ ಕಾಯಿಲೆ ಬಂತು ಅಂತಲಾ?"

ಇಸ್ತ್ರಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ಜೋರಾಗಿ ಒತ್ತಿದಳು, ಅಷ್ಟೇ.

ಈ ಸಲ ಡಾಕ್ಟರಮ್ಮನ ಬಳಿ ಗಂಡ ತಾನೇ ಕರೆದುಕೊಂಡು ಹೋದ. ಅಂಗಡಿಗೆ ಬೀಗ ಹಾಕಿ, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಡಾಕ್ಟರಮ್ಮ ಅವಳನ್ನು ಕೇಳಿದ್ದಕ್ಕೆಲ್ಲ ಪರೀಕ್ಷೆಗೆ ಓದಿಕೊಂಡು ಬಂದ ಹುಡುಗನಂತೆ ಅವನೇ ಉತ್ತರ ಕೊಟ್ಟ.

"ನಡೀತಿದ್ದೀರಾ?"

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ."

"ಕೈ ಬೀಸಿಕೊಂಡು?"

ಅವಳು ಗಂಡನ ಮುಖ ನೋಡಿದಳು. ಅಲ್ಲಿ ಸುಳ್ಳು ಇರಲಿಲ್ಲ. ಅವನಿಗೆ ನಿಜವಾಗಿಯೂ ಚೀಲ ನೆನಪಾಗಲಿಲ್ಲ. "ಬೀಸ್ತಾಳೆ, ಬೀಸ್ತಾಳೆ," ಎಂದ.

ಹಾಗಿದ್ದೂ ಹೀಗಾಗಿದೆ ಅಂದರೆ ಮಾತ್ರೆ ಶುರು ಮಾಡುವುದನ್ನು ಯೋಚಿಸಬೇಕಾಗುತ್ತದೆ, ಇನ್ನು ಕೆಲವು ವಾರ ನೋಡೋಣ ಎಂದರು ಡಾಕ್ಟರಮ್ಮ. ಮಾತ್ರೆ ಎಂದ ಕೂಡಲೇ ಅವನ ಮುಖ ಕಪ್ಪಿಟ್ಟಿತು. ದಾರಿಯುದ್ದಕ್ಕೂ, "ಅದೆಲ್ಲ ಬೇಡ. ಒಂದು ಸಲ ಹಿಡೀತು ಅಂದರೆ ಬಿಡಲ್ಲ. ಜನ ಏನಂತಾರೆ? ನೀನು ಇನ್ನೂ ಸ್ವಲ್ಪ ಜಾಸ್ತಿ ನಡಿ," ಎಂದು ಹೇಳುತ್ತಲೇ ಬಂದ. ಅವಳು ಹ್ಞೂಂ ಎಂದಳು. ಮಾತ್ರೆ ಬಂದರೆ ಬರಲಿ, ಅದಕ್ಕೆ ಅವಳದೇನೂ ತಕರಾರಿರಲಿಲ್ಲ. ಆದರೆ ಬೀಸದ ಕೈಗಳ ಲೆಕ್ಕವನ್ನು ಮಾತ್ರೆ ಹೇಗೆ ತೀರಿಸುತ್ತದೆ ಎಂದು ಮಾತ್ರ ತಿಳಿಯಲಿಲ್ಲ.

ಆ ವಾರವೇ ಒಂದು ಬೆಳಗ್ಗೆ ಅವಳು ಚೀಲವನ್ನು ಹಾಲಿನ ಅಂಗಡಿಯ ಕಟ್ಟೆಯ ಮೇಲೆ ಬಿಟ್ಟು ಹಾಗೆಯೇ ಮನೆಗೆ ಬಂದುಬಿಟ್ಟಳು. ಬೇಕೆಂದು ಮಾಡಿದ್ದಲ್ಲ. ತಲೆಯೊಳಗೆ ಹತ್ತಿ ತುಂಬಿಕೊಂಡಿತ್ತು. ಬಾಗಿಲಲ್ಲಿ ಅತ್ತೆ, "ಹಾಲೆಲ್ಲಿ?" ಎಂದರು.

"ಯಾವ ಹಾಲು?" ಎಂದಳು ಅವಳು.

ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ. ಅತ್ತೆಯ ಮುಖದಲ್ಲಿ ಮೊದಲ ಬಾರಿಗೆ ಭಯ ಕಂಡಿತು. ದನಿ ತಗ್ಗಿಸಿ, "ಹೋಗಲಿ ಬಿಡು, ಒಳಗೆ ಬಾ," ಎಂದರು. ಅಡುಗೆಮನೆಯಲ್ಲಿ ಮಗನಿಗೆ ಹೇಳುವುದು ಕೇಳಿಸಿತು. "ಪಾಪ ಕಣೋ, ಇವಳ ಕೈಗೆ ಏನೂ ಕೊಡಬೇಡ. ಎಲ್ಲಾದರೂ ಬಿಟ್ಟು ಬರ್ತಾಳೆ."

ಮರುದಿನ ಬೆಳಗ್ಗೆ, ಗಂಡ ಹಾಲಿನ ಅಂಗಡಿಯಿಂದ ವಾಪಸ್ಸು ತಂದಿದ್ದ ಚೀಲ ಬಾಗಿಲ ಬಳಿಯ ಮೊಳೆಗೆ ನೇತುಬಿದ್ದೇ ಇತ್ತು. ಯಾರೂ ಅದನ್ನು ತೆಗೆದು ಅವಳ ಕೈಗೆ ಕೊಡಲಿಲ್ಲ. ಅವಳು ಹೊರಬಿದ್ದು ಟ್ಯಾಂಕಿನ ರಸ್ತೆಗೆ ತಿರುಗಿದಳು. ಹಳದಿ ಪರದೆ ಅಲ್ಲೇ ಇತ್ತು, ಈಗ ಒಂದು ಕೊಂಡಿಯೂ ಕಳಚಿ ಜೋತಾಡುತ್ತಿತ್ತು. ಮೊದಲ ದಿನ ಅದನ್ನು ಸುಮ್ಮನೆ ನೋಡಿದಳು. ಕೆಲವು ದಿನಗಳ ಮೇಲೆ ಆ ಕೊಂಡಿ ಕಣ್ಣಿಗೆ ಮುಳ್ಳಾಗತೊಡಗಿತು. ಇನ್ನೂ ಕೆಲವು ದಿನಗಳ ಮೇಲೆ ಅಂಗಡಿಯಲ್ಲಿ ಕಷ್ಟದ ಕಮಾನು ಕಿಟಕಿಯ ಪರದೆಯೊಂದನ್ನು ತಾನೇ ಕೇಳಿ ತೆಗೆದುಕೊಂಡಳು. ಇಸ್ತ್ರಿಯಕ್ಕ ಅದರ ನೆರಿಗೆಯ ಮೇಲೆ ಕೈಯಾಡಿಸಿ, "ಮನೆಗೆ ಬಂದ್ಯಾ?" ಎಂದು ಕೇಳಿದಳು. ಅವಳು ತಲೆಯಾಡಿಸಿದಳು.

ಆ ಸಂಜೆ ಊಟಕ್ಕೆ ಕೂತಾಗ ಮಗಳು ಏನೋ ತಮಾಷೆ ಹೇಳಿದಳು. ಅವಳು ನಕ್ಕುಬಿಟ್ಟಳು. ಹಲ್ಲು ಕಾಣುವಂತೆ, ಮರೆತು.

ಗಂಡ ಅವಳನ್ನು ನೋಡಿದ, ತನ್ನ ತಾಯಿಯನ್ನು ನೋಡಿದ. ತೃಪ್ತಿಯಿಂದ ಕೈ ತೊಳೆದುಕೊಂಡು ಬಂದು ಮತ್ತೆ ಕೂತ. "ನೋಡಿದ್ಯಾ? ಮಾತ್ರೆ ಗೀತ್ರೆ ಏನೂ ಬೇಕಾಗಲಿಲ್ಲ. ಕೇಳಿಲ್ಲಿ, ನಮ್ಮಕ್ಕ ಕೈ ಮುರಿದುಕೊಂಡಿದ್ದಾಳಲ್ಲ, ಒಲೆ ಮುಂದೆ ನಿಲ್ಲೋಕಾಗಲ್ಲ ಪಾಪ. ಅಮ್ಮ ಅಡುಗೆ ಮಾಡಿಕೊಡ್ತಾಳೆ. ಬೆಳಗ್ಗೆ ಒಂದು ಡಬ್ಬಿ ಅವಳ ಮನೆಗೆ ಮುಟ್ಟಿಸಿಬಿಡು. ಹೇಗೂ ಹೋಗ್ತೀಯಲ್ಲ."

"ಹಾಗೇ ಬರ್ತಾ ಹಾಲು," ಎಂದರು ಅತ್ತೆ. ದನಿ ಹಳೆಯ ಎತ್ತರಕ್ಕೆ ಹಿಂತಿರುಗಿತ್ತು.

ಅವಳು ತಟ್ಟೆಯ ಅಂಚನ್ನು ನೋಡುತ್ತ ಕೂತಳು. ಗಂಡನ ಅಕ್ಕನ ಮನೆ ಪೇಟೆಯ ಆಚೆ ತುದಿಯಲ್ಲಿದೆ. ನಾಲ್ಕು ಅಂತಸ್ತಿನ ಡಬ್ಬಿ, ಅಲ್ಲಿ ಕೂತು ಅವರ ಕೈನೋವಿನ ಕಥೆ, ಬರುವಾಗ ಖಾಲಿ ಡಬ್ಬಿ, ಹಾಲು. ಬೇಡ ಎನ್ನಬಹುದು. ಎಂದರೆ, ಒಂದು ಡಬ್ಬಿಗೆ ಇಷ್ಟು ಆಡುವವಳಿಗೆ ಕಾಯಿಲೆ ಎಲ್ಲಿಯದು, ಕೊಬ್ಬು ಎನ್ನುತ್ತಾರೆ. ನನಗೆ ಬರಿಗೈ ನಡಿಗೆಯೇ ಮದ್ದು ಎನ್ನಬಹುದು. ಗುಣವಾಗಿದೆಯಲ್ಲ, ಇನ್ನೆಂಥ ಮದ್ದು ಎನ್ನುತ್ತಾರೆ. ಈ ಮನೆಯಲ್ಲಿ ಅವಳ ಕೈ ಖಾಲಿ ಇರಲು ಒಂದೇ ದಾರಿ ಎಂದು ಅವಳಿಗೆ ಆ ಹಾಲಿನ ದಿನವೇ ಗೊತ್ತಾಗಿತ್ತು. ಇಷ್ಟು ದಿನ ಅದನ್ನು ಎದುರಿಗೆ ಇಟ್ಟುಕೊಂಡು ನೋಡಿರಲಿಲ್ಲ, ಅಷ್ಟೇ.

ಗುಣವಾಗಬೇಕು. ಆದರೆ ಗುಣವಾದದ್ದು ಇವರಿಗೆ ಕಾಣಬಾರದು. ನಗು ಬಂದರೆ ಅಂಗಡಿಯಲ್ಲಿ ನಗುವುದು, ಗುನುಗು ಬಂದರೆ ಟ್ಯಾಂಕಿನ ರಸ್ತೆಯಲ್ಲಿ. ಪರದೆ ಎಳೆಯುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಮಾತ್ರೆಯ ಮಾತು ಮತ್ತೆ ಬಂದರೆ ಡಾಕ್ಟರಮ್ಮನ ಹತ್ತಿರ ತಾನೊಬ್ಬಳೇ ಹೋಗಿ ಚೀಲದಿಂದ ಹಿಡಿದು ಎಲ್ಲ ಹೇಳುವುದು. ಇಲ್ಲಿ ಯಾರಿಗೂ ಏನೂ ಹೇಳುವುದಿಲ್ಲ.

ಮುಖದ ಮೇಲಿನ ನಗುವನ್ನು ಅವಳು ಮಡಿಸಿ ಇಟ್ಟಳು. ತುತ್ತನ್ನು ಬಾಯಿಗೆ ಒಯ್ಯದೆ ತಟ್ಟೆಗೆ ಬಿಟ್ಟಳು.

"ಡಬ್ಬಿ ಬೆಳಗ್ಗೆ ಬೇಗ ರೆಡಿ ಇರುತ್ತೆ," ಎಂದ ಗಂಡ. "ಕೇಳ್ತಾ?"

ಅವಳು ತಲೆಯೆತ್ತಿ ಅವನನ್ನು, ಅವನ ಆಚೆಗಿನ ಗೋಡೆಯನ್ನು ನೋಡಿದಳು.

"ಯಾವ ಡಬ್ಬಿ?"

ಅತ್ತೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಗಂಡ ತಾಯಿಯ ಕಡೆ ತಿರುಗಿದ. ಮಗಳು ಮಾತ್ರ ಅವಳ ಹತ್ತಿರ ಸರಿದು ಕೂತಳು. ಈಗಷ್ಟೇ ನಗಿಸಿದ್ದ ಹುಡುಗಿಯ ತುಟಿ ನಡುಗುತ್ತಿತ್ತು. ಅಮ್ಮನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಬಿಸಿಯಾದ ಪುಟ್ಟ ಬೆರಳುಗಳು, ಬಿಗಿ ಹಿಡಿತ. ಇಲ್ಲ ಮಗಳೇ, ನನಗೇನೂ ಆಗಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು.

ಅವಳು ಅದನ್ನು ಅಲ್ಲೇ ಕಚ್ಚಿ ಹಿಡಿದಳು.